ಡೂಗಲ್ ಕಾಯ್ದ ಏರಿ

ನಮ್ಮ ಆಖ್‌ನಬೋದಲ್ಲಿ ಇರುವುದು ಆರೇ ಮನೆ. ಆರೂ ಮನೆ, ಹಡಗು ಓಡಾಡುವ ಕಾಲುವೆಯ ಏರಿಯ ಕೆಳಗಿವೆ. ಹೊಸ್ತಿಲಲ್ಲಿ ನಿಂತು ಕತ್ತೆತ್ತಿದರೆ ಹಡಗುಗಳು ನಮ್ಮ ಹುಲ್ಲಿನ ಸೂರಿಗಿಂತ ಎತ್ತರದಲ್ಲಿ ಹಾಯ್ದುಹೋಗುತ್ತವೆ. ಹೊರಗಿನವರು ನೋಡಿ ಬಾಯಿ ಬಿಡುತ್ತಾರೆ, ನಮಗೆ ಅದು ಅಭ್ಯಾಸ. ಆರರಲ್ಲಿ ಏರಿಗೆ ತೀರ ಒತ್ತಿಕೊಂಡಿರುವ ಮನೆ ನನ್ನದು. ಅದಕ್ಕೇ ಏರಿ ಕಾಯುವ ಡೂಗಲ್ ಮ್ಯಾಕ್‌ಮಾಸ್ಟರ್ ಪ್ರತಿ ಸಂಜೆ ಕೆಳಗಿಳಿದು ಮೊದಲು ನನ್ನ ಬಾಗಿಲಿಗೇ ಬರುತ್ತಿದ್ದ.

“ಕಿರ್ಸ್ಟಿ, ನೆಲ ಒಣಗಿದ್ಯಾ?”

“ಒಣಗಿದೆ ಡೂಗಲಣ್ಣ.”

“ಒಲೆ ಹತ್ರ?”

“ಅಲ್ಲೂ ಒಣಗಿದೆ. ಒಳಗ್ ಬನ್ನಿ, ಒಂದ್ ಲೋಟ ಮಜ್ಜಿಗೆ ಕುಡೀರಿ.”

“ಇಲ್ಲಮ್ಮ, ಇನ್ನೂ ಐದು ಮನೆ ಇದೆ.”

ನಮ್ಮ ಕಡೆ ಒಂದೇ ಹೆಸರಿನವರು ಹತ್ತು ಮಂದಿ ಇರುವುದರಿಂದ ಎಲ್ಲರಿಗೂ ಒಂದೊಂದು ಅಡ್ಡಹೆಸರು ಅಂಟಿಕೊಳ್ಳುತ್ತದೆ. ಇವನಿಗೆ ಅಂಟಿದ್ದು ‘ಒಣನೆಲದ ಡೂಗಲ್’. ಮಕ್ಕಳು ಗೋಡೆಯ ಹಿಂದೆ ಅಡಗಿ, ಅವನ ಗಡಸು ದನಿಯಲ್ಲೇ “ನೆಲ ಒಣಗಿದ್ಯಾ?” ಎಂದು ಕೂಗಿ ಓಡುತ್ತಿದ್ದವು. ದೊಡ್ಡವರೂ ನಗುತ್ತಿದ್ದೆವು. ನಾನಂತೂ ಚೆನ್ನಾಗಿಯೇ ನಕ್ಕಿದ್ದೇನೆ. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಈ ಕಾಲುವೆಯ ಬಗ್ಗೆ ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಎರಡು ಕಾರಣಕ್ಕೆ ಇದನ್ನು ಅಗೆದರು. ಫ್ರೆಂಚರ ಕೈಗೆ ಸಿಗದೆ ಯುದ್ಧದ ಹಡಗುಗಳು ಈ ಕಡಲಿಂದ ಆ ಕಡಲಿಗೆ ದಾಟಬೇಕು ಎಂಬುದು ಒಂದು. ಊರು ಬಿಟ್ಟು ಅಮೆರಿಕದ ಕಡೆ ಹೊರಟಿದ್ದ ನಮ್ಮ ಜನಕ್ಕೆ ಇಲ್ಲೇ ಕೆಲಸ ಕೊಟ್ಟು ನಿಲ್ಲಿಸಬೇಕು ಎಂಬುದು ಇನ್ನೊಂದು. ಹತ್ತೊಂಬತ್ತು ವರ್ಷ ಅಗೆದರು. ಕಾಲುವೆ ತೆರೆಯುವ ಹೊತ್ತಿಗೆ ಅವರು ಹೆದರಿದ್ದ ಫ್ರೆಂಚ್ ದೊರೆ ಯಾವುದೋ ದ್ವೀಪದಲ್ಲಿ ಸತ್ತು ವರ್ಷವಾಗಿತ್ತು. ಹಡಗುಗಳು ದೊಡ್ಡವಾಗಿದ್ದವು, ಕಾಲುವೆಯ ಆಳ ಸಾಲದಾಗಿತ್ತು. ಇನ್ನು ನಮ್ಮ ಜನ ಊರು ಬಿಟ್ಟುಹೋಗುವುದು ನಿಂತಿತೇ? ಇದೇ ನೀರಿನ ಮೇಲೆ ಸಲೀಸಾಗಿ ತೇಲಿಕೊಂಡು ಹೋದರು. ಊರವರು ಅಗೆದ ದಾರಿಯಲ್ಲೇ ಊರು ಖಾಲಿಯಾಯಿತು.

ಡೂಗಲ್ ಏರಿಯ ಕೆಲಸಕ್ಕೆ ಸೇರಿದಾಗ ಅವನಿಗೆ ಹತ್ತೊಂಬತ್ತು. ಅವನ ಕೆಲಸ ಜೇಡಿಮಣ್ಣು ತುಳಿಯುವುದು. ಏರಿಯ ಹೊಟ್ಟೆಯೊಳಗೆ ಜೇಡಿಯ ಒಂದು ಗೋಡೆ ಇರುತ್ತದೆ, ನೀರನ್ನು ತಡೆಯುವುದು ಅದೇ. ಒಂದು ಗೇಣು ಜೇಡಿ ಹಾಕಿ, ನೀರು ಚಿಮುಕಿಸಿ, ಸನಿಕೆಯಿಂದ ಕೊಚ್ಚಿ, ಬೂಟುಗಾಲಲ್ಲಿ ತುಳಿದು ತುಳಿದು ಬೆಣ್ಣೆಯಂತೆ ಮಾಡಬೇಕು. ಅದು ಒಣಗುವ ಮೊದಲೇ ಮೇಲೆ ಇನ್ನೊಂದು ಗೇಣು. ಒಣಗಿ ಬಿರುಕು ಬಿಟ್ಟಿತೋ, ಪೂರ್ತಿ ಕಿತ್ತು ಹೊಸದಾಗಿ ಹಾಕಬೇಕು. ಒಣಗಿದ ಜೇಡಿಯ ಮೇಲೆ ಹಸಿ ಜೇಡಿ ಕೂರುವುದಿಲ್ಲ. ನೋಡುವುದಕ್ಕೆ ಒಂದಾದಂತೆ ಕಂಡರೂ ನಡುವೆ ಕೂದಲೆಳೆಯಷ್ಟು ಗೆರೆ ಉಳಿಯುತ್ತದೆ, ನೀರಿಗೆ ಅಷ್ಟು ದಾರಿ ಸಾಕು.

ಆದರೆ ನಮ್ಮ ಜನ ಮೇ ತಿಂಗಳಲ್ಲಿ ಯಾರ ಮಾತನ್ನೂ ಕೇಳುವವರಲ್ಲ. ಮೇ ಬಂತೆಂದರೆ ಜೌಗಿಗೆ ಹೋಗಿ ವರ್ಷದ ಉರುವಲು, ಅಂದರೆ ಪೀಟ್ ಎಂಬ ಜೌಗುಮಣ್ಣಿನ ಹೆಂಟೆ, ಕಡಿದು ಒಣಗಲು ಹಾಕಬೇಕು. ಆಗ ಕಡಿಯದಿದ್ದರೆ ಚಳಿಗಾಲಕ್ಕೆ ಒಲೆಯಲ್ಲಿ ಬೂದಿಯೇ ಗತಿ. ರಾಜನ ಕಾಲುವೆಯಾದರೇನು, ದೇವರ ಕಾಲುವೆಯಾದರೇನು, ಒಂದೇ ಬೆಳಿಗ್ಗೆ ಮುನ್ನೂರು ಜನ ಸನಿಕೆ ಬಿಸಾಕಿ ತಮ್ಮ ತಮ್ಮ ಜೌಗಿಗೆ ಹೊರಟುಬಿಡುತ್ತಿದ್ದರು. ದಕ್ಷಿಣದಿಂದ ಬಂದ ಮೇಸ್ತ್ರಿಗಳು ತಲೆ ಚಚ್ಚಿಕೊಳ್ಳುತ್ತಿದ್ದರು.

ಡೂಗಲನ ಮೇಸ್ತ್ರಿ ಆಡಮ್ ಟೇಟ್. ಒರಟು ಬಾಯಿ, ಮೆತ್ತನೆ ಮನಸ್ಸು. ಡೂಗಲ್ ಸೇರಿದ ವರ್ಷದ ಮೇ ತಿಂಗಳಲ್ಲಿ ಇದೇ ನಮ್ಮ ಮನೆಯ ಮೇಲಿನ ಏರಿಯಲ್ಲಿ ಹತ್ತು ಮಾರು ಜೇಡಿ ಅರ್ಧಕ್ಕೆ ನಿಂತಿತು.

“ಎಲ್ರೂ ಹೋಗ್ಲಿ, ನೀನಾದ್ರೂ ಇರೋ,” ಎಂದ ಟೇಟ್. “ಎಂಟು ದಿನ ಈ ಜೇಡಿಗೆ ನೀರು ಹಾಕ್ತಾ ಇರು. ಎಳೆಮಗು ನೋಡ್ಕೊಂಡ ಹಾಗೆ ನೋಡ್ಕೋ.”

“ಆಯ್ತು ಮೇಸ್ತ್ರಿ, ನಾನಿರ್ತೀನಿ.”

ಎರಡನೇ ದಿನವೇ ತಾಯಿಯಿಂದ ಹೇಳಿಕೆ ಬಂತು. ವಿಧವೆ, ಕೈಲಾಗದವಳು, ಪೀಟ್ ಕಡಿಯಲು ಮಗನನ್ನು ಬಿಟ್ಟರೆ ಬೇರೆ ಗಂಡುದಿಕ್ಕಿಲ್ಲ. ಡೂಗಲ್ ಜೇಡಿಗೆ ಕೊಡಗಟ್ಟಲೆ ನೀರು ಸುರಿದು, ಮೇಲೆ ಹಸಿ ಹುಲ್ಲುಹೆಂಟೆ ಹೊದಿಸಿ, ಮೂರೇ ದಿನ ಎಂದುಕೊಂಡು ಹೊರಟ. ಮೂರು ಹತ್ತಾಯಿತು. ಆ ಹತ್ತೂ ದಿನ ಒಣ ಮೂಡಗಾಳಿ ಬೀಸಿತು. ಜೌಗಿನಲ್ಲಿ ಅವನ ತುಟಿಯೇ ಒಡೆದು ರಕ್ತ ಬಂತಂತೆ. ತುಟಿ ನೆಕ್ಕಿಕೊಂಡಾಗಲೆಲ್ಲ ಒಣಗುತ್ತಿರುವ ಜೇಡಿಯೇ ನೆನಪಾಗುತ್ತಿತ್ತಂತೆ.

ವಾಪಸು ಬಂದಾಗ ಆ ಜಾಗ ಮುಚ್ಚಿಹೋಗಿತ್ತು. ಜೇಡಿ ಮೇಲಿನವರೆಗೆ ಎದ್ದಿತ್ತು, ಪಕ್ಕಕ್ಕೆ ಆಳೆತ್ತರ ಮಣ್ಣು ಬಿದ್ದಿತ್ತು. ಟೇಟ್ ಅವನನ್ನು ನೋಡಿ ಒಂದೇ ಮಾತು ಕೇಳಿದ.

“ಅಮ್ಮನ ಪೀಟ್ ಮುಗೀತಾ?”

“ಮುಗೀತು ಮೇಸ್ತ್ರಿ.”

“ಸರಿ, ಸನಿಕೆ ತಗೋ.”

ಅಷ್ಟೇ. ಬೈಗುಳವಿಲ್ಲ, ವಿಚಾರಣೆಯಿಲ್ಲ. ಹುಡುಗರ ಬೂಟಿನ ದಾರ ಸಡಿಲವಾದರೂ ಬೈಯುವ ಮನುಷ್ಯ ಸುಮ್ಮನಿದ್ದಾನೆಂದರೆ ಅವನಿಗೆ ಗೊತ್ತೇ ಆಗಿಲ್ಲ, ಬಿರುಕುಬಿಟ್ಟ ಜೇಡಿಯ ಮೇಲೆಯೇ ಬೇರೆಯವರು ಹೊಸದನ್ನು ತುಳಿದುಬಿಟ್ಟಿದ್ದಾರೆ ಎಂದು ಡೂಗಲ್ ತೀರ್ಮಾನಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ, ಇವನು ಯಾರೂ ಕಳ್ಳ ಎನ್ನದೆಯೇ ಮುಟ್ಟಿಕೊಂಡ. ಕೇಳಿದರೆ ಸಿಕ್ಕಿಬೀಳುತ್ತೇನೆಂದು ಕೇಳಲಿಲ್ಲ. ಮರುವರ್ಷ ಟೇಟ್ ಇನ್ನೊಂದು ಕಾಲುವೆ ಕಟ್ಟಿಸಲು ಸ್ವೀಡನ್ನಿಗೆ ಹೋದ. ಕೇಳಬೇಕೆಂದರೂ ಕೇಳುವವರಿಲ್ಲದಾಯಿತು.

ಕಾಲುವೆಗೆ ನೀರು ಬಿಟ್ಟ ಮೇಲೆ ಏರಿ ಕಾಯಲು ಆಳುಗಳನ್ನು ತೆಗೆದುಕೊಂಡರು. ಡೂಗಲ್ ತಾನಾಗಿಯೇ ಕೇಳಿ ನಮ್ಮ ಆಖ್‌ನಬೋದ ಮೇಲಿನ ಎರಡು ಮೈಲಿ ಪಡೆದ. ಮರುವಸಂತಕ್ಕೆ ಏರಿಯ ಬುಡದಲ್ಲಿ, ಸರಿಯಾಗಿ ಆ ಹತ್ತು ಮಾರಿನ ಕೆಳಗೆ, ಗಾಡಿಚಕ್ರದಗಲ ನೆಲ ತೇವವಾಗಿ ಜೊಂಡು ಎದ್ದಿತು. ಜೊಂಡು ಎದ್ದ ಕಡೆ ನೀರಿದೆ ಎಂದು ಯಾವ ಮೇಲ್ವಿಚಾರಕನಿಗೂ ತಿಳಿಯುತ್ತದೆ. ಅವರು ಬರುವ ಮೊದಲೇ ಡೂಗಲ್ ಅದನ್ನು ಬುಡಸಮೇತ ಕೊಯ್ದು ನದಿಗೆ ಎಸೆದ. ಹೀಗೆ ಇಪ್ಪತ್ತೊಂದು ವಸಂತ ಕೊಯ್ದ. ಅಲ್ಲಿ ಅಗೆದು ನೋಡುವ ಧೈರ್ಯ ಮಾತ್ರ ಬರಲಿಲ್ಲ. ಅಗೆದರೆ ಏರಿಯೇ ಬಾಯಿ ತೆರೆದರೆ? ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಬಂದ ಮನೆ ಹೋಗುತ್ತದೆ, ಊರಿನಲ್ಲಿ ಮುಖ ಎತ್ತುವಂತಿಲ್ಲ. ಹೇಳದಿದ್ದರೆ ಕೆಳಗೆ ಆರು ಮನೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಾಗಾಗಿ ದಿನವೂ ಏರಿ ಸುತ್ತುವುದು, ಸಂಜೆ ಆರು ಹೊಸ್ತಿಲಲ್ಲಿ ನೆಲ ಕೇಳುವುದು, ಇದೇ ಅವನ ಬದುಕಾಯಿತು.

ಅವನ ಹೆಂಡತಿ ಓಯ್ರಿಕ್ ಮಾತಿನಲ್ಲಿ ಕತ್ತಿ, ಕೆಲಸದಲ್ಲಿ ಗಾಳಿ. ಲಾಖ್ಲನ್ ಎಂಬ ಮಗ, ಶೋನಕ್ ಎಂಬ ಮಗಳು. ಓಯ್ರಿಕಳ ಅಣ್ಣಂದಿರು ಕೆನಡಾಕ್ಕೆ ಹೋಗಿ ಕಾಡು ಕಡಿದು ಸ್ವಂತ ಹೊಲ ಮಾಡಿಕೊಂಡಿದ್ದರು, ಬನ್ನಿ ಬನ್ನಿ ಎಂದು ಹೇಳಿಕಳಿಸುತ್ತಿದ್ದರು. ನಾನು ಮದುವೆಯಾಗಿ ಈ ಮನೆಗೆ ಬಂದ ವರ್ಷ, ಅಂದರೆ ೧೮೩೩ರಲ್ಲಿ, ಅವಳು ಪಟ್ಟು ಹಿಡಿದಳು. ಬಟ್ಟೆ ಒಗೆಯುತ್ತಿದ್ದ ನಮ್ಮೆಲ್ಲರ ಎದುರಿಗೇ ಜಗಳವಾಯಿತು.

“ಹತ್ತು ವರ್ಷದಿಂದ ಮುಂದಿನ ವರ್ಷ ಮುಂದಿನ ವರ್ಷ ಅಂತೀಯಲ್ಲ, ಇಲ್ಲಿ ನಿನ್ನನ್ನ ಕಟ್ಟಿಹಾಕಿರೋದು ಏನು ಅಂತ ಹೇಳು!”

“ಏರಿ ನೋಡ್ಕೋಬೇಕು ಕಣೆ.”

“ನೀನು ನೋಡ್ಲಿಲ್ಲ ಅಂದ್ರೆ ಏರಿ ಅಳುತ್ತಾ? ಬೇರೆ ಆಳು ಸಿಗಲ್ವಾ ಅವ್ರಿಗೆ?”

“ಬೇರೆಯೋರಿಗೆ ಗೊತ್ತಾಗಲ್ಲ.”

“ಏನ್ ಗೊತ್ತಾಗಲ್ಲ?”

ಅವನು ತಿರುಗಿ ಏರಿಯ ಕಡೆ ನೋಡಿದ. ಅವಳು ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಳು.

“ಇನ್ನೊಬ್ಳು ಹೆಂಗಸಾಗಿದ್ರೆ ಜುಟ್ಟು ಹಿಡಿದು ಕೇಳ್ತಿದ್ದೆ. ಮಣ್ಣುಗುಡ್ಡೆ ಜೊತೆ ಹೆಂಗಯ್ಯ ಜಗಳ ಆಡ್ಲಿ ನಾನು?”

ನಾವೆಲ್ಲ ನಕ್ಕೆವು. ಅವಳೂ ನಕ್ಕಳು, ಆಮೇಲೆ ಅಲ್ಲೇ ಕೂತು ಅತ್ತಳು.

ಜೂನ್ ತಿಂಗಳಲ್ಲಿ ಅವಳು ಮಕ್ಕಳಿಬ್ಬರನ್ನು ಕರೆದುಕೊಂಡು ಹೊರಟಳು. ಡೂಗಲ್ ಮರುವರ್ಷ ಬರುತ್ತೇನೆಂದು ಬೈಬಲ್ಲಿನ ಮೇಲೆ ಕೈಯಿಟ್ಟು ಹೇಳಿದ್ದ. ಇಪ್ಪತ್ತು ಮನೆಯವರನ್ನು ತುಂಬಿಕೊಂಡ ದೋಣಿಯನ್ನು ಕುದುರೆಗಳು ಎಳೆಯುತ್ತಿದ್ದವು. ನಾವು ಊರವರು ನಮ್ಮ ಪದ್ಧತಿಯಂತೆ ಕೀರ್ತನೆ ಹಾಡುತ್ತಾ ಏರಿಯ ಮೇಲಿನ ಕುದುರೆದಾರಿಯಲ್ಲಿ ಜೊತೆಗೆ ನಡೆದೆವು. ಡೂಗಲ್ ಎಲ್ಲರಿಗಿಂತ ಮುಂದೆ, ದೋಣಿಗೆ ಹತ್ತಿರವಾಗಿ ನಡೆಯುತ್ತಿದ್ದ. ಶೋನಕ್ ದೋಣಿಯ ಅಂಚಿನಿಂದ ಕೈ ಚಾಚಿದರೆ ಅವನ ಬೆರಳು ಸಿಗುತ್ತಿತ್ತು, ಅಷ್ಟು ಹತ್ತಿರ. ಮೂರು ದಿನದಿಂದ ಮಳೆ ಹಿಡಿದಿತ್ತು, ನೀರು ಏರಿಯ ಅಂಚಿಗೆ ಬಂದಿತ್ತು. ಅವನ ಪಹರೆಯ ಎಲ್ಲೆ ಒಂದು ಮೈಲಿಗಲ್ಲು. ಅಲ್ಲಿಗೆ ಬಂದವನೇ ನಿಂತ. ಹಡಗುಕಟ್ಟೆಯವರೆಗೂ ಹೋಗುತ್ತಾನೆಂದು ನಾವೆಲ್ಲ ಅಂದುಕೊಂಡಿದ್ದೆವು. ಅವನು ನೀರನ್ನು ನೋಡಿದ, ದೋಣಿಯನ್ನು ನೋಡಿದ, ತಿರುಗಿ ಆಖ್‌ನಬೋದ ಕಡೆ ಓಡತೊಡಗಿದ. ದೋಣಿಯಲ್ಲಿ ಓಯ್ರಿಕ್ ಎದ್ದು ನಿಂತಳು. “ಅಪ್ಪಾ!” ಎಂದು ಮಗಳು ಕೂಗಿದಳು. ಹೆಂಡತಿ ಮಕ್ಕಳ ಮುಖ ನೋಡಿ ಬೀಳ್ಕೊಡಲೂ ಆಗದ ಕಲ್ಲೆದೆಯವನು ಎಂದು ಅವತ್ತು ಎಲ್ಲರಿಗಿಂತ ಜೋರಾಗಿ ಬೈದವಳು ನಾನು. ಅವನು ಓಡಿಹೋದದ್ದು ನನ್ನ ಮನೆಯ ನೆಲ ನೋಡಲು.

ಮೂರು ಕಾಗದ ಬಂದವು. ಗೇಲಿಕ್ ಶಾಲೆಯಲ್ಲಿ ಕಲಿತ ನಾಲ್ಕಕ್ಷರದಿಂದ ನಾನೇ ಓದಿ ಹೇಳುತ್ತಿದ್ದೆ, ಅವನ ಪರವಾಗಿ ನಾನೇ ಬರೆಯುತ್ತಿದ್ದೆ. ‘ಮುಂದಿನ ವರ್ಷ’ ಎಂದು ಮೂರು ಸಲ ಬರೆದೆ. ಆಮೇಲೆ ಕಾಗದ ನಿಂತವು.

ಕಾಲುವೆ ಇಪ್ಪತ್ತು ವರ್ಷಕ್ಕೇ ಮುದಿಯಾಯಿತು. ನೀರು ತಡೆದು ಹಡಗುಗಳನ್ನು ಏರಿಸಿ ಇಳಿಸುವ ಲಾಕ್ ಬಾಗಿಲುಗಳ ಕಲ್ಲು ಸಡಿಲವಾಗಿದ್ದವು, ಆಳ ಹೆಚ್ಚಿಸಬೇಕಿತ್ತು. ಕೊನೆಗೆ ಪೂರ್ತಿ ನೀರು ಖಾಲಿ ಮಾಡಿ ರಿಪೇರಿಗೆ ಇಳಿದರು. ೧೮೪೪ರ ಬೇಸಿಗೆಯಲ್ಲಿ ನಮ್ಮ ಮನೆಯ ಮೇಲೆ ಏರಿಯಡಿಯ ಹಳೇ ಮೋರಿಯೊಂದನ್ನು ಬದಲಿಸಲು ಏರಿಯನ್ನೇ ಮೇಲಿಂದ ಬುಡದವರೆಗೆ ಸೀಳಿದರು. ಡೂಗಲನ ಹತ್ತು ಮಾರಿನ ನಟ್ಟನಡುವೆಯೇ ಆ ಸೀಳು ಬಂತು. ಹಳೆಯ ಕೆಲಸ ಗೊತ್ತಿರುವವರು ಬೇಕೆಂದು ಗುತ್ತಿಗೆದಾರರು ಆಡಮ್ ಟೇಟನನ್ನು ಹುಡುಕಿ ಕರೆಸಿದ್ದರು. ಎಪ್ಪತ್ತರ ಹತ್ತಿರದ ಮುದುಕ, ಕೈಯಲ್ಲಿ ಊರುಗೋಲು, ಬಾಯಿ ಮಾತ್ರ ಮೊದಲಿನಷ್ಟೇ ಒರಟು. ನಾನು ಅಗೆಯುವವರಿಗೆ ಮಜ್ಜಿಗೆ, ಓಟ್ಸ್ ರೊಟ್ಟಿ ಮಾರಲು ಅಲ್ಲೇ ಇದ್ದೆ. ಹಾಗಾಗಿ ಇದನ್ನು ಕಣ್ಣಾರೆ ಕಂಡೆ.

ಡೂಗಲ್ ಸೀಳಿನೊಳಗೆ ಇಳಿದ. ಜೇಡಿಯ ಗೋಡೆ ಬೂದುನೀಲಿ ಬಣ್ಣಕ್ಕೆ, ನುಣ್ಣಗೆ, ಮೇಲಿಂದ ಕೆಳಗೆ ಒಂದೇ ತುಂಡಾಗಿ ನಿಂತಿತ್ತು. ಅವನು ಎರಡೂ ಅಂಗೈಯಿಂದ ಅದನ್ನು ಸವರಿದ. ಉಗುರಿನಿಂದ ಕೆರೆದ. ಮಂಡಿಯೂರಿ ಬುಡದಲ್ಲಿ ನೋಡಿದ, ಎದ್ದು ಮತ್ತೆ ಮೇಲಿಂದ ನೋಡಿದ.

“ಏನಯ್ಯಾ, ಕಳ್ಕೊಂಡ ಅಂಗಿ ಗುಂಡಿ ಹುಡುಕ್ತಿದ್ದೀಯಾ?” ಎಂದ ಟೇಟ್.

“ಗೆರೆ, ಮೇಸ್ತ್ರಿ.”

“ಯಾವ ಗೆರೆ?”

“ಇಲ್ಲಿ ಒಂದು ಗೆರೆ ಇರಬೇಕು. ನಾನು ಬಿಟ್ಟು ಹೋಗಿದ್ದೆ. ಪೀಟ್ ಕಡಿಯೋಕೆ. ಜೇಡಿ ಒಣಗಿತ್ತು...”

ಟೇಟ್ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿದ. ಗುರುತು ಸಿಕ್ಕಿತು. ಹಳೇ ಗೆಳೆಯ ಸಿಕ್ಕಂತೆ ನಕ್ಕುಬಿಟ್ಟ.

“ಓಹೋ, ಅಮ್ಮನ ಮಗ ನೀನೇನಾ! ಅಯ್ಯೋ ಮಂಕೇ, ಒಣಗೋದೇನು, ರೊಟ್ಟಿ ಥರ ಸೀಳಿಹೋಗಿತ್ತು. ನಾನೂ ಇನ್ನು ನಾಲ್ಕು ಜನಾನೂ ಸೇರಿ ಬುಡದವರೆಗೂ ಕಿತ್ತು ಹೊಸದಾಗಿ ತುಳಿದ್ವಿ. ನೀನು ಬರೋ ಹಿಂದಿನ ದಿನ ಮುಗೀತು. ನನ್ನ ಸೊಂಟ ಇವತ್ತಿಗೂ ನಿನ್ನನ್ನ ಬೈತಾ ಇದೆ!”

“ಕಿತ್ತು ಹಾಕಿದ್ರಾ?”

“ಮತ್ತೆ? ಬಿರುಕಿನ ಮೇಲೆ ಏರಿ ಕಟ್ಟೋಕೆ ನಾನೇನು ಹುಚ್ಚನಾ?”

“ನನಗೆ... ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಮೇಲಿನವ್ರಿಗೂ ಹೇಳಬೇಕಾಗ್ತಿತ್ತು, ನಿನ್ನನ್ನ ಓಡಿಸಬೇಕಾಗ್ತಿತ್ತು. ತಾಯಿ ಒಲೆಗೋಸ್ಕರ ಹೋದವನು, ಪಾಪ ಅನ್ನಿಸ್ತು. ಗೊತ್ತಿರುತ್ತೆ ಅಂದ್ಕೊಂಡೆ. ನೀನೂ ಕೇಳ್ಲಿಲ್ಲ.”

ಡೂಗಲ್ ಏರಿಯ ಬುಡದ ತೇವದ ಕಡೆ ಕೈ ತೋರಿಸಿದ. ಆ ವರ್ಷದ ಜೊಂಡನ್ನು ಅವನು ಆಗಲೇ ಕೊಯ್ದಿದ್ದ. “ಹಾಗಾದ್ರೆ ಅದು?”

ಟೇಟ್ ಹೋಗಿ ಊರುಗೋಲನ್ನು ಅಲ್ಲಿ ನಾಟಿ, ತಿರುವಿ, ಎಳೆದ. ತೂತಿನಲ್ಲಿ ನೀರು ಬಂದು ನಿಂತಿತು. “ಬಣ್ಣ ನೋಡೋ. ಕಾಲುವೆ ನೀರು ಜೌಗಿನಿಂದ ಬರೋದು, ವಿಸ್ಕಿ ಬಣ್ಣ. ಇದು ಕಣ್ಣೀರಿನ ಥರ ತಿಳಿಯಾಗಿದೆ. ಕಾಲುವೆ ಖಾಲಿ ಆಗಿ ಇಷ್ಟು ದಿನ ಆದ್ರೂ ಬರ್ತಾನೇ ಇದೆ. ಇದು ಗುಡ್ಡದ ಊಟೆ. ನೀನು ಕೆಲಸಕ್ಕೆ ಬರೋಕ್ ಮುಂಚೆ ನಾವೆಲ್ಲ ಇಲ್ಲೇ ಬಗ್ಗಿ ಕುಡೀತಿದ್ವಿ. ಮಣ್ಣು ಬಿದ್ದು ಮುಚ್ಚಿತ್ತು, ಮತ್ತೆ ದಾರಿ ಮಾಡ್ಕೊಂಡಿದೆ.”

ಡೂಗಲ್ ಬಗ್ಗಿ ಆ ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡ. ನಾನು ಮಜ್ಜಿಗೆ ಲೋಟ ತುಂಬಿ ಅವನ ಕೈಗೆ ಕೊಟ್ಟೆ. ಲೋಟ ಹಿಡಿದುಕೊಂಡೇ ಏರಿ ಹತ್ತಿ ಹೋದ, ಒಂದು ಗುಟುಕೂ ಕುಡಿಯಲಿಲ್ಲ. ಟೇಟ್ ನನ್ನನ್ನು ಕೇಳಿದ, “ಏನಮ್ಮಾ, ನಾನೇನಾದ್ರೂ ತಪ್ಪು ಮಾತಾಡಿದ್ನಾ?” ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಮೂವತ್ಮೂರು ವರ್ಷದ ಹಿಂದೆ ಎರಡು ಬೈಗುಳ ಬೈದಿದ್ದರೆ ಇನ್ನೂ ಒಳ್ಳೆಯದಾಗುತ್ತಿತ್ತು.

ಆ ಭಾನುವಾರ ಪ್ರಾರ್ಥನೆ ಮುಗಿಸಿ ಡೂಗಲ್ ನನ್ನ ಮನೆಗೆ ಬಂದು ಕೂತು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದ. ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

“ಹೆಂಡತಿಗಾದ್ರೂ ಹೇಳಬಾರದಿತ್ತಾ ಡೂಗಲಣ್ಣ? ನಮಗೆ ಹೇಳಿದ್ರೆ ನಾವೇನು ನುಂಗಿಬಿಡ್ತಿದ್ವಾ? ಆರು ಮನೆ ಎಬ್ಬಿಸ್ಕೊಂಡು ಆ ಕಡೆ ದಿಬ್ಬದ ಮೇಲೆ ಕಟ್ಕೋತಿದ್ವಿ!”

“ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಇದ್ದೆ ಕಣಮ್ಮ. ಒಂದು ವರ್ಷ ಆದ್ಮೇಲೆ, ಒಂದು ವರ್ಷ ಯಾಕೆ ಹೇಳ್ಲಿಲ್ಲ ಅನ್ನೋದನ್ನೂ ಹೇಳಬೇಕಾಗುತ್ತೆ. ಹತ್ತು ವರ್ಷ ಆದ್ಮೇಲೆ ಇನ್ನೂ ಕಷ್ಟ.” ಆಮೇಲೆ, “ಓಯ್ರಿಕ್‌ಗೆ ಬರಿ. ಎಲ್ಲಾ ಬರಿ. ಬರ್ತೀನಿ ಅಂತ ಬರಿ,” ಎಂದ.

ಬರೆದೆ. ‘ಮುಂದಿನ ವರ್ಷ’ ಎಂಬ ಮಾತಿಲ್ಲದ ಮೊದಲ ಕಾಗದ ಅದು. ಅವನು ಹಳೇ ಕೋಟಿಗೆ ತೇಪೆ ಹಾಕಿಸಿದ, ಒಂದು ಪೆಟ್ಟಿಗೆ ಮಾಡಿಸಿದ. ಉತ್ತರ ಬರಲು ಎರಡು ವರ್ಷ ಹಿಡಿಯಿತು. ಅದು ಬಂದದ್ದು ನಮ್ಮೆಲ್ಲರ ಆಲೂಗಡ್ಡೆ ನೆಲದಲ್ಲೇ ಕೊಳೆತು ನಾರಿದ ಶರತ್ಕಾಲದಲ್ಲಿ. ಮಗ ಲಾಖ್ಲನ್ ಬರೆದಿದ್ದ. ನಾನು ಓದುತ್ತಾ ಹೋದೆ, ನಿಲ್ಲಿಸಬೇಕೆಂದು ಹೊಳೆಯುವಷ್ಟರಲ್ಲಿ ಓದಿಯಾಗಿತ್ತು.

‘ಅಮ್ಮ ತೀರಿಕೊಂಡು ಮೂರು ಚಳಿಗಾಲ ಕಳೆಯಿತು. ನೀವು ಬರುತ್ತೀರೆಂದು ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು, ನನಗೂ ಶೋನಕ್‌ಗೂ ನಾಚಿಕೆಯಾಗುತ್ತಿತ್ತು. ನಿಮ್ಮ ಕಾಗದ ಓದಿದೆವು. ಆ ಏರಿ ನಿಜವಾಗಿ ಒಡೆದಿದ್ದರೆ ನಿಮ್ಮನ್ನು ಕ್ಷಮಿಸುವುದು ನಮಗೆ ಸುಲಭವಾಗುತ್ತಿತ್ತು. ನೀವು ಅಲ್ಲೇ ಇರಿ.’

“ಇನ್ನೊಂದ್ಸಲ ಓದು,” ಎಂದ. ಓದಿದೆ. ಕಾಗದ ಮಡಚಿ ಕೋಟಿನ ಜೇಬಿಗೆ ಹಾಕಿಕೊಂಡು ಎದ್ದುಹೋದ.

ಮರುವರ್ಷ ಕಾಲುವೆಗೆ ನೀರು ಬಿಟ್ಟರು. ಡೂಗಲ್ ಮೊದಲಿನಂತೆಯೇ ಏರಿ ಸುತ್ತಿದ. ಕೆಲಸವಿತ್ತು, ಕಾಲಿತ್ತು, ಸುತ್ತಿದ. ಕೆಳಗಿಳಿದು ನೆಲ ಕೇಳುವುದನ್ನು ಮಾತ್ರ ಬಿಟ್ಟ. ಸಂಜೆ ಏರಿಯ ಮೇಲೆ ಅವನ ಆಕಾರ ನನ್ನ ಬಾಗಿಲನ್ನು ಹಾಯ್ದು ಮುಂದೆ ಹೋಗುತ್ತಿತ್ತು. ಊಟ ಬಿಟ್ಟ, ಪ್ರಾರ್ಥನೆಗೆ ಬರುವುದು ಬಿಟ್ಟ. ಒಂದು ದಿನ ಲಾಕಿನ ಬಾಗಿಲ ಮೇಲೆ ನಿಂತು ನೀರನ್ನೇ ನೋಡುತ್ತಿದ್ದವನನ್ನು ಇಬ್ಬರು ಹಿಡಿದು ಕರೆತಂದರು. ಮನುಷ್ಯನಿಗೆ ಕಾಯಲು ಏನಾದರೂ ಬೇಕು ಎಂದು ನನಗೆ ಅನ್ನಿಸಿತು. ಬುದ್ಧಿಗೆ ಮಂಕು ಬಡಿಯಲು ಎಷ್ಟು ಹೊತ್ತು ಬೇಕು? ಅಕ್ಟೋಬರಿನ ಒಂದು ಸಂಜೆ ಬಾವಿಯಿಂದ ಒಂದು ಕೊಡ ನೀರು ತಂದು ಒಲೆಯ ಪಕ್ಕದ ಕಲ್ಲುಹಾಸಿನ ಮೇಲೆ ಸುರಿದು, ಏರಿಯ ಕಡೆ ಓಡಿ ಕೂಗಿದೆ.

“ಡೂಗಲಣ್ಣ! ಬನ್ನಿ! ನೆಲ ಒದ್ದೆ ಆಗಿದೆ!”

ಅವನು ಇಳಿದು ಬಂದ ವೇಗ ನೋಡಬೇಕಿತ್ತು, ಐವತ್ತೈದರ ಮುದುಕನಂತಿರಲಿಲ್ಲ. ಮುಖಕ್ಕೆ ಕಳೆ ಬಂದಿತ್ತು, ಕಣ್ಣು ಬೆಳಗಿತ್ತು. ದೇವರೇ, ಅದನ್ನು ನಾನು ಸಂತೋಷವೆಂದೇ ಕರೆಯಬೇಕು. ಬಂದವನೇ ಒಲೆಯ ಬಳಿ ಮಂಡಿಯೂರಿದ. ಕಲ್ಲಿನ ತಗ್ಗಿನಲ್ಲಿ ನಿಂತ ನೀರನ್ನು ಬೊಗಸೆಗೆ ಎತ್ತಿ, ಬೆಂಕಿಯ ಬೆಳಕಿಗೆ ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಬೆರಳ ಸಂದಿಯಿಂದ ಅದು ತೊಟ್ಟಿಕ್ಕಿ ಮುಗಿಯುವವರೆಗೂ ನೋಡಿದ.

“ಇದು ನಿನ್ನ ಬಾವಿ ನೀರು, ಕಿರ್ಸ್ಟಿ.”

ನಾನು ಖಾಲಿ ಕೊಡವನ್ನು ಕಾಲಿನಿಂದ ಹಿಂದಕ್ಕೆ ತಳ್ಳಿದೆ.

“ಟೇಟ್ ಕೂಡ ಪಾಪ ಅಂದ್ಕೊಂಡೇ ಮಾಡಿದ್ದು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇವತ್ತಿಗೂ ಸುಡುವುದು. ಮೂಲೆಯಲ್ಲಿದ್ದ ಬಟ್ಟೆ ತೆಗೆದುಕೊಂಡು ಒಲೆಯ ಸುತ್ತಲಿನ ನೆಲವನ್ನು ಮೆಲ್ಲಗೆ ಒರೆಸಿದ, ಬಾಗಿಲ ಹೊರಗೆ ಹಿಂಡಿ ಬಂದು ಮತ್ತೆ ಒರೆಸಿದ. ಕೊನೆಗೆ ಅಂಗೈಯಿಟ್ಟು ನೋಡಿದ. “ಈಗ ಒಣಗಿದೆ,” ಎಂದು ಹೇಳಿ, ಬಟ್ಟೆಯನ್ನು ಗೂಟಕ್ಕೆ ನೇತುಹಾಕಿ ಹೋದ. ಮತ್ತೆ ಅವನು ನನ್ನ ಮನೆಯ ಒಳಗೆ ಕಾಲಿಡಲಿಲ್ಲ.